ಬ್ರಿಟನ್ನಿನಲ್ಲಿ ಚಳಿಗಾಲದ ಕೋಟು: ಹೈ ಸ್ಟ್ರೀಟೋ, ಆನ್‌ಲೈನೋ?

ಓದಲು ಬ್ರಿಟನ್ನಿಗೆ ಬಂದವರು ಮೊದಲು ಕೊಳ್ಳಬೇಕಾದದ್ದು ಚಳಿಗಾಲದ ಕೋಟು. ಹೈ ಸ್ಟ್ರೀಟಿನಲ್ಲಿ, ಅಂದರೆ ನಮ್ಮ ಪೇಟೆಬೀದಿಯಂಥ ರಸ್ತೆಯಲ್ಲಿ, ಈಗ ಆಯ್ಕೆ ಕಡಿಮೆ. 2016ರಲ್ಲಿ ಬಿಎಚ್‌ಎಸ್, 2021ರಲ್ಲಿ ಡೆಬನಮ್ಸ್ ಮಳಿಗೆಗಳು ಬಾಗಿಲು ಹಾಕಿದವು. ಆದರೂ ತೊಟ್ಟು ನೋಡುವ ಅನುಕೂಲ ಅಲ್ಲಿಯೇ. ತೋಳು ಗಿಡ್ಡವೋ ಉದ್ದವೋ ಕನ್ನಡಿ ತಕ್ಷಣ ಹೇಳುತ್ತದೆ. ದತ್ತಿ ಸಂಸ್ಥೆಗಳ ಅಂಗಡಿಗಳಲ್ಲಿ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುವುದುಂಟು. ಯಾರೋ ತೊಟ್ಟದ್ದೆಂದು ಮೂಗು ಮುರಿಯಬೇಡಿ. ನಾನು ಮುರಿದು, ಹೊಸದಕ್ಕೆ ದುಬಾರಿ ತೆತ್ತೆ.

ಆನ್‌ಲೈನಿನಲ್ಲಿ ಬಣ್ಣ, ಅಳತೆ ಹೇರಳ. ಕಾನೂನೂ ನಿಮ್ಮ ಪರ: ಸರಕು ಕೈಸೇರಿದ 14 ದಿನಗಳೊಳಗೆ ಕಾರಣ ಕೊಡದೆ ಖರೀದಿಯನ್ನು ರದ್ದು ಮಾಡಬಹುದು. ಅಂಗಡಿಯಲ್ಲಿ ಕೊಂಡದ್ದು ಬರಿದೇ ಮನಸ್ಸಿಗೆ ಹಿಡಿಸಲಿಲ್ಲವೆಂದರೆ ಹಿಂಪಡೆಯುವುದು ಅವರ ಮರ್ಜಿ; ಮೊದಲೇ ಕೇಳಿಕೊಳ್ಳಿ.

ಮೊದಲ ಕೋಟಿಗೆ ನನ್ನ ಮತ ಹೈ ಸ್ಟ್ರೀಟಿಗೆ. ಎರಡನೆಯದನ್ನು ಆನ್‌ಲೈನಿನಲ್ಲಿ ತರಿಸಿ, ಅಷ್ಟರಲ್ಲಿ ಅಳತೆ ಗೊತ್ತಾಗಿರುತ್ತದೆ.