ಚಚಚಚಚಚ ಎಂದು ಬರೆದ ಕೀಲಿ

ನನ್ನ ಇಮೇಲಿನ ಬಾಗಿಲಿಗೆ ಪಾಸ್‌ವರ್ಡಿನ ಜೊತೆಗೆ ಎಂಟು ತಿಂಗಳಲ್ಲಿ ಮೂರು ಬೀಗ ಹಾಕಿ ನೋಡಿದೆ: ಮೊಬೈಲಿನ ಕೋಡ್ ಆ್ಯಪ್, ಕೀಗೊಂಚಲಿಗೆ ಸಿಕ್ಕಿಸುವ ಯುಎಸ್‌ಬಿ ಕೀಲಿ, ಲ್ಯಾಪ್‌ಟಾಪಿನ ಕಿಂಡಿಯಲ್ಲೇ ಕಾಯಂ ಕೂರುವ ಉಗುರುಗಾತ್ರದ ಕೀಲಿ.

ಆ್ಯಪ್‌ಗೆ ಖರ್ಚಿಲ್ಲ. 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಹಳತಾಗಿರುತ್ತದೆ. ಅದನ್ನು ಸಹಿಸಬಹುದು. ಆದರೆ ನಕಲಿ ತಾಣವೊಂದು ಕೇಳಿದರೆ ಅದೇ ಅಂಕಿಗಳನ್ನು ನಾನೇ ಕೈಯಾರೆ ಕೊಟ್ಟುಬಿಡಬಲ್ಲೆ. ಕೀಲಿಗೆ ಆ ದಾಕ್ಷಿಣ್ಯವಿಲ್ಲ. ಫಿಡೋ ಎಂಬ, ಇಂಥ ಕೀಲಿಗಳಿಂದ ಲಾಗಿನ್ ಆಗುವ ವಿಧಾನದಲ್ಲಿ ಬ್ರೌಸರು ತಾಣದ ವಿಳಾಸವನ್ನೂ ಕೀಲಿಗೆ ತಿಳಿಸುತ್ತದೆ. ಒಂದಕ್ಷರ ಬೇರೆಯಾದರೂ ಕೀಲಿಗೆ ಅದು ಗುರುತಿಲ್ಲದ ಮನೆ.

ತೊಂದರೆಯಿರುವುದು ಕೀಲಿಯ ಇನ್ನೊಂದು ವೇಷದಲ್ಲಿ. ನನ್ನ ಎರಡೂ ಕೀಲಿಗಳು ಕೀಲಿಮಣೆಯಾಗಿಯೂ ನಟಿಸುತ್ತವೆ. ಮುಟ್ಟಿದರೆ 44 ಅಕ್ಷರಗಳ ಪಾಸ್‌ವರ್ಡನ್ನು ತಾವೇ ಟೈಪಿಸಿ ಎಂಟರ್ ಒತ್ತುತ್ತವೆ. ಯುರೋಪಿನ ನಾನಾ ಕೀಲಿಮಣೆ ವಿನ್ಯಾಸಗಳಲ್ಲಿ ಕೆಡದಿರಲೆಂದು ತಯಾರಕರು 16 ರೋಮನ್ ಅಕ್ಷರಗಳನ್ನಷ್ಟೇ ಆರಿಸಿಕೊಂಡಿದ್ದಾರೆ. ಕನ್ನಡಿಗರು ಅವರಿಗೆ ನೆನಪಾಗಲಿಲ್ಲ. ದಿನವಿಡೀ ಕನ್ನಡದ ಕಗಪ ಕೀಲಿಮಣೆ ವಿನ್ಯಾಸದಲ್ಲಿ ಬರೆಯುವ ನಾನು ಮುಟ್ಟಿದಾಗ ಮೂಡಿದ್ದು 'ಚಚಚಚಚಚ' ಎಂದು ಶುರುವಾಗುವ ಗೊಣಗಾಟ. ಪುಟ್ಟ ಕೀಲಿಯಂತೂ ಲ್ಯಾಪ್‌ಟಾಪ್ ಎತ್ತಿದಾಗಲೆಲ್ಲ ಬೆರಳಿಗೆ ತಾಗುತ್ತದೆ. ಒಮ್ಮೆ ಸಂಪಾದಕರಿಗೆ ಬರೆಯುತ್ತಿದ್ದ ಸಂದೇಶದೊಳಗೆ ನುಗ್ಗಿ ಎಂಟರ್ ಸಮೇತ ಹೊರಟೇಹೋಯಿತು. "ಚಹಾ ಬೇಕಿತ್ತೇ?" ಎಂದು ಅವರ ಉತ್ತರ.

ನಗು ಮುಗಿದ ಮೇಲೆ ಕೊಂಚ ದಿಗಿಲಾಯಿತು. ಯುಎಸ್‌ಬಿ ಸಾಧನವೊಂದು ತಾನು ಕೀಲಿಮಣೆ ಎಂದು ಹೇಳಿಕೊಂಡದ್ದನ್ನು ಕಂಪ್ಯೂಟರು ಸಾಮಾನ್ಯವಾಗಿ ಮರುಮಾತಿಲ್ಲದೆ ನಂಬುತ್ತದೆ. 2014ರಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ 'ಬ್ಯಾಡ್‌ಯುಎಸ್‌ಬಿ' ಹೆಸರಿನಲ್ಲಿ ತೋರಿಸಿದ್ದೂ ಇದನ್ನೇ: ಒಳಗಿನ ಫರ್ಮ್‌ವೇರ್ (ಸಾಧನವನ್ನು ನಡೆಸುವ ತಂತ್ರಾಂಶ) ತಿದ್ದಿದರೆ ಪೆನ್‌ಡ್ರೈವ್ ಕೂಡ ಕೀಲಿಮಣೆಯಾಗಿ ಆದೇಶ ಟೈಪಿಸಬಲ್ಲದು. ಹೀಗಾಗಿ ಲಿನಕ್ಸ್‌ನಲ್ಲಿ, ಯಾವ ಯುಎಸ್‌ಬಿ ಸಾಧನವನ್ನು ಒಳಬಿಡಬೇಕೆಂದು ನಿಯಮದಂತೆ ತೀರ್ಮಾನಿಸುವ ಯುಎಸ್‌ಬಿಗಾರ್ಡ್ ತಂತ್ರಾಂಶವನ್ನು ಕಾವಲಿಟ್ಟೆ. ಮೊದಲ ದಿನ ಆತುರದಲ್ಲಿ ನಿಯಮ ಬರೆದು ನನ್ನದೇ ಕೀಲಿಮಣೆ, ಮೌಸ್ ಎರಡನ್ನೂ ಹೊರಹಾಕಿದ್ದೆ. ಲ್ಯಾಪ್‌ಟಾಪಿನ ಸ್ವಂತ ಕೀಲಿಮಣೆ ಯುಎಸ್‌ಬಿ ದಾರಿಯಲ್ಲಿ ಬಾರದ್ದರಿಂದ ಬಚಾವಾದೆ.

ಈಗ ಎರಡೂ ಕೀಲಿಗಳಲ್ಲಿ ಟೈಪಿಸುವ ಚಟ ಬಿಡಿಸಿ ಫಿಡೋ ಮಾತ್ರ ಉಳಿಸಿದ್ದೇನೆ. ನಿತ್ಯದ ಬಳಕೆಗೆ ಕೀಗೊಂಚಲಿನದು. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಮರೆತರೂ ಕೀಲಿ ಜೇಬಿನಲ್ಲೇ ಇರುತ್ತದೆ. ಕಳ್ಳನ ಕೈಗೆ ಸಿಕ್ಕರೂ ಕೀಲಿಗಿಟ್ಟ ಪಿನ್ ಎಂಟು ಸಲ ತಪ್ಪಿದರೆ ಫಿಡೋ ಬೀಗ ಬೀಳುತ್ತದೆ, ಮರೆಗುಳಿ ಒಡೆಯನಿಗೂ ಅದೇ ಶಿಕ್ಷೆ. ಆದ್ದರಿಂದಲೇ ಪುಟ್ಟದನ್ನೂ ಅದೇ ಖಾತೆಗೆ ನೋಂದಾಯಿಸಿ ಬೀರುವಿಗೆ ಕಳುಹಿಸಿದ್ದೇನೆ. ಆ್ಯಪ್ ಇನ್ನೂ ಮೊಬೈಲಿನಲ್ಲೇ ಇದೆ, ಕೀಲಿ ಒಪ್ಪದ ತಾಣಗಳಿಗಾಗಿ; ನನ್ನ ಬ್ಯಾಂಕು ಮಾತ್ರ ಎರಡನ್ನೂ ಒಪ್ಪದೆ ಎಸ್ಸೆಮ್ಮೆಸ್ಸನ್ನೇ ಕಳುಹಿಸುತ್ತಿದೆ.