ಬೆಲ್ಟ್ ಬೇಗ ಕೊಡದ ಟೇಕ್ವಾಂಡೋ ಕ್ಲಾಸ್

ಟೇಕ್ವಾಂಡೋ ಕ್ಲಾಸ್ ಹುಡುಕುವ ಅಪ್ಪ ಅಮ್ಮಂದಿರು ಎಲ್ಲಕ್ಕಿಂತ ಮೊದಲು ಕೇಳುವುದು ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ ಬೇಕು ಅಂತ. ಬನಶಂಕರಿ ಕಡೆ ನಾನು ಮತ್ತು ನನ್ನ ಮಗಳು ಹೋಗುವ ಕ್ಲಾಸಿನ ಮಾಸ್ಟರ್ ಇದಕ್ಕೆ ಸುತ್ತಿಬಳಸದೆ ಉತ್ತರ ಕೊಡುತ್ತಾರೆ. ನಾಲ್ಕು ವರ್ಷ ಅಂದುಕೊಳ್ಳಿ, ಐದಾದರೂ ಬೇಜಾರು ಮಾಡಿಕೊಳ್ಳಬೇಡಿ ಅನ್ನುತ್ತಾರೆ. ಅದನ್ನು ಕೇಳಿ ಹಾಗೇ ಎದ್ದು ಹೋದವರನ್ನು ನಾನು ನೋಡಿದ್ದೇನೆ. ಈ ಕ್ಲಾಸಿಗೆ ಸೇರಲು ಇದಕ್ಕಿಂತ ಒಳ್ಳೆ ಕಾರಣ ಬೇರೆ ಇಲ್ಲ ಅಂತ ನನಗನ್ನಿಸುತ್ತದೆ.

ಮೊದಲ ಎರಡು ತಿಂಗಳು ಇಲ್ಲಿ ನೋಡೋಕೆ ಚೆಂದ ಅನ್ನಿಸುವಂಥದ್ದು ಏನೂ ನಡೆಯುವುದಿಲ್ಲ. ಹಾರಿ ಒದೆಯುವುದು, ಹಲಗೆ ಮುರಿಯುವುದು ಯಾವುದೂ ಇಲ್ಲ. ನಿಲ್ಲುವುದನ್ನು ಕಲಿಸುತ್ತಾರೆ. ಆಪ್ ಸೊಗಿ ಅಂದರೆ ಸುಮ್ನೆ ನಡೆಯುವಾಗ ಇಡುವಷ್ಟು ಉದ್ದದ ಹೆಜ್ಜೆ, ಆಪ್ ಕುಬಿ ಅಂದರೆ ಅದಕ್ಕಿಂತ ಉದ್ದ, ಮುಂದಿನ ಮಂಡಿ ಬಗ್ಗಿರಬೇಕು, ಹಿಂದಿನ ಕಾಲು ನೆಟ್ಟಗಿರಬೇಕು. ಇವೆರಡರ ವ್ಯತ್ಯಾಸ ಕಾಲಿಗೆ ಗೊತ್ತಾಗುವವರೆಗೂ ಬಿಡುವುದಿಲ್ಲ. ಯಾಕೆ ಇಷ್ಟು ಹಟ ಅಂದರೆ, ಮೊದಲ ಪೂಮ್ಸೆಯಾದ (ಪೂಮ್ಸೆ ಅಂದರೆ ಒಂದೇ ಕ್ರಮದಲ್ಲಿ ಮಾಡುವ ಹೆಜ್ಜೆ, ತಡೆ, ಒದೆತಗಳ ಸರಣಿ) ತೇಗುಕ್ ಇಲ್ ಜಾಂಗ್‌ನಲ್ಲಿ ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ, ಹೊಸಬರು ಎರಡನ್ನೂ ಕಲಸಿ ಮಧ್ಯದ ಯಾವುದೋ ಒಂದು ಹೆಜ್ಜೆ ಇಟ್ಟುಬಿಡುತ್ತಾರೆ, ಆ ಅಭ್ಯಾಸ ಒಮ್ಮೆ ಕೂತರೆ ಬೇಗ ಹೋಗುವುದಿಲ್ಲ.

ಕಿಕ್ ಕಲಿಸುವ ರೀತಿ ನನಗೆ ತುಂಬಾ ಇಷ್ಟ. ದೊಲ್ಯೊ ಚಾಗಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತ, ಟೇಕ್ವಾಂಡೋದಲ್ಲಿ ಎಲ್ಲರೂ ಮೊದಲು ಮಾಡಬೇಕು ಅಂತ ಆಸೆಪಡುವುದು ಅದನ್ನೇ. ಮಾಸ್ಟರ್ ಎಲ್ಲರನ್ನೂ ಗೋಡೆ ಹಿಡಿಸಿ ನಿಲ್ಲಿಸುತ್ತಾರೆ. ಮಂಡಿ ಎತ್ತು, ಕೆಳಗಿನ ಪಾದ ತಿರುಗಿಸು, ಒದೆ, ಮಂಡಿ ವಾಪಸ್ ಮಡಚು. ಕೊರಿಯನ್‌ನಲ್ಲಿ ನಾಲ್ಕು ಎಣಿಕೆ, ಹಾನಾ, ದುಲ್, ಸೆಟ್, ನೆಟ್. ಅವರು ಕೊನೆಗೂ ನೋಡುವುದು ಒದೆಯುವ ಕಾಲನ್ನಲ್ಲ, ನೆಲದ ಮೇಲಿರುವ ಕಾಲನ್ನು. ಆ ಪಾದ ತಿರುಗದೆ ಸೊಂಟ ಮಾತ್ರ ತಿರುಗಿದರೆ ಪೂರ್ತಿ ಭಾರ ಮಂಡಿಯ ಮೇಲೆ ತಿರುಚಿಕೊಂಡು ಬೀಳುತ್ತದೆ. ಮಕ್ಕಳ ಮಂಡಿ ಸಹಿಸಿಕೊಳ್ಳಬಹುದು, ನಲವತ್ತು ದಾಟಿದವರ ಮಂಡಿ ಸಹಿಸುವುದಿಲ್ಲ. ನಿಮ್ಮ ಮಗುವಿನ ಕ್ಲಾಸಿನಲ್ಲಿ ಯಾರೂ ಕೆಳಗಿನ ಪಾದದ ಬಗ್ಗೆ ಮಾತೇ ಆಡುತ್ತಿಲ್ಲ ಅಂದರೆ ದಯವಿಟ್ಟು ಕೇಳಿ. ಅಂದಹಾಗೆ, ಎಲ್ಲರ ಮೆಚ್ಚಿನ ಈ ದೊಲ್ಯೊ ಚಾಗಿ ತೇಗುಕ್ ಪೂಮ್ಸೆಗಳಲ್ಲಿ ಬರುವುದು ಆರನೆಯದರಲ್ಲಿ. ಇಲ್ ಜಾಂಗ್‌ನಲ್ಲಿ ಇರುವುದು ಬರೀ ಆಪ್ ಚಾಗಿ, ಮುಂದಕ್ಕೆ ನೇರವಾದ ಒದೆತ. ಯಾವುದು ಯಾವಾಗ ಬರಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ, ಅದನ್ನು ನಂಬಬಹುದು.

ಈಗ ಬೆಲ್ಟ್ ವಿಷಯ. ಇಲ್ಲಿ ಬಿಳಿ, ಹಳದಿ, ಹಸಿರು, ಗ್ರೀನ್ ಒನ್, ನೀಲಿ, ಬ್ಲೂ ಒನ್, ಕೆಂಪು, ರೆಡ್ ಒನ್, ಆಮೇಲೆ ಕಪ್ಪು. ಬೇರೆ ಕ್ಲಾಸುಗಳಲ್ಲಿ ಸ್ವಲ್ಪ ಆಚೆ ಈಚೆ ಇರಬಹುದು, ಅದು ತಪ್ಪಲ್ಲ, ಬಣ್ಣದ ಬೆಲ್ಟ್‌ಗಳನ್ನು ಕ್ಲಾಸ್‌ನವರೋ ಅಸೋಸಿಯೇಷನ್‌ನವರೋ ಕೊಡುತ್ತಾರೆ. ನೋಡಬೇಕಾದ್ದು ಟೆಸ್ಟ್‌ನಲ್ಲಿ ಯಾರಾದರೂ ಯಾವಾಗಲಾದರೂ ಫೇಲ್ ಆಗುತ್ತಾರಾ ಅಂತ. ಇಲ್ಲಿ ಆಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಯಾರಿಲ್ಲದವರನ್ನು ಟೆಸ್ಟ್‌ಗೆ ಕೂರಿಸುವುದೇ ಇಲ್ಲ. ನನ್ನ ಮಗಳ ಹಸಿರು ಬೆಲ್ಟ್ ಟೆಸ್ಟ್ ಮುಂದಕ್ಕೆ ಹೋಯಿತು. ಅವಳ ಜೊತೆ ಸೇರಿದ ಹುಡುಗಿಗೆ ಸಿಕ್ಕಿತು, ಇವಳಿಗೆ ಇಲ್ಲ. ಮನೆಯಲ್ಲಿ ಅಳು, ಊಟ ಬೇಡ. ಮಾರನೇ ಕ್ಲಾಸಿನಲ್ಲಿ ಮಾಸ್ಟರ್ ಅವಳನ್ನು ಪಕ್ಕಕ್ಕೆ ಕರೆದು ಪೂಮ್ಸೆ ಮಾಡಿಸಿ, ಎಲ್ಲೆಲ್ಲಿ ತಲೆ ತಿರುಗುವ ಮುಂಚೆ ಮೈ ತಿರುಗುತ್ತಿದೆ ಅಂತ ಒಂದೊಂದಾಗಿ ತೋರಿಸಿದರು. ನೋಡದೆ ತಿರುಗಿದರೆ ಅಲ್ಲಿ ಯಾರಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದರು. ಅವಳಿಗೆ ಅದು ಅರ್ಥವಾಯಿತು. ಬೆಲ್ಟ್ ತಡೆಹಿಡಿಯುವುದು ಸುಲಭ, ಯಾಕೆ ತಡೆಹಿಡಿದೆ ಅಂತ ಹತ್ತು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಹೇಳುವುದು ಕಷ್ಟ. ಆ ಕಷ್ಟ ತೆಗೆದುಕೊಳ್ಳುವ ಮಾಸ್ಟರ್‌ಗೆ ಫೀಸ್ ಕೊಡಲು ನನಗೆ ಖುಷಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಸಂಬಂಧಿಕರ ಹುಡುಗ ಬೇರೆ ಕಡೆ ಎರಡೆರಡು ತಿಂಗಳಿಗೊಂದು ಬೆಲ್ಟ್ ತೆಗೆದುಕೊಂಡು, ಪ್ರತಿ ಸಲ ಟೆಸ್ಟ್ ಫೀಸ್ ಕಟ್ಟಿ, ಕೊನೆಗೆ ಕಪ್ಪು ಬೆಲ್ಟ್ ಕಟ್ಟಿಕೊಂಡ. ಮನೆಯವರು ಸಿಹಿ ಹಂಚಿದರು. ಆಮೇಲೆ ಬೇರೆ ಊರಿಗೆ ಹೋಗಿ ಅಲ್ಲಿನ ಕ್ಲಾಸಿನಲ್ಲಿ ಸರ್ಟಿಫಿಕೇಟ್ ತೋರಿಸಿದಾಗ ಅದನ್ನು ಯಾರೂ ಒಪ್ಪಲಿಲ್ಲ. ಆ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ, ಅವನು ಬೆವರು ಸುರಿಸಿದ್ದ. ದೊಡ್ಡವರು ಅವನಿಗೆ ಮೋಸ ಮಾಡಿದರು. ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾಗಿ ಹೊಸಬರು ಇಷ್ಟು ತಿಳಿದಿರಲೇಬೇಕು. ಒಲಿಂಪಿಕ್ಸ್‌ನಲ್ಲಿ ನೋಡುವ ಟೇಕ್ವಾಂಡೋದಲ್ಲಿ, ಅಂದರೆ ವರ್ಲ್ಡ್ ಟೇಕ್ವಾಂಡೋ ಶೈಲಿಯಲ್ಲಿ, ಕಪ್ಪು ಬೆಲ್ಟ್‌ನ ಡಾನ್ (ಅಂದರೆ ಹಂತ) ಸರ್ಟಿಫಿಕೇಟ್ ಬರುವುದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿರುವ ಕುಕ್ಕಿವಾನ್‌ನಿಂದ. 1972ರಲ್ಲಿ ಕಟ್ಟಿದ ಕೇಂದ್ರ ಅದು. ಸರ್ಟಿಫಿಕೇಟ್ ಮೇಲೆ ಒಂದು ನಂಬರ್ ಇರುತ್ತದೆ, ಅದು ನಿಜವಾ ಅಂತ ಅವರ ವೆಬ್‌ಸೈಟ್‌ನಲ್ಲೇ ನೋಡಬಹುದು. ಹದಿನೈದು ವರ್ಷ ತುಂಬದ ಮಕ್ಕಳಿಗೆ ಡಾನ್ ಅಲ್ಲ, ಪೂಮ್ ಕೊಡುತ್ತಾರೆ, ಅದರ ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು, ವಯಸ್ಸು ತುಂಬಿದ ಮೇಲೆ ಅದನ್ನು ಡಾನ್‌ಗೆ ಬದಲಾಯಿಸಿಕೊಳ್ಳಬಹುದು. ಆಮೇಲೂ ಅವಸರ ನಡೆಯುವುದಿಲ್ಲ. ಒಂದನೇ ಡಾನ್‌ನಿಂದ ಎರಡಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2, ಮೂರರಿಂದ ನಾಲ್ಕಕ್ಕೆ 3 ವರ್ಷ ಕಾಯಬೇಕು. ಜನರಲ್ ಚೊಯ್ ಹೊಂಗ್ ಹಿ 1966ರಲ್ಲಿ ಶುರು ಮಾಡಿದ ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಷನ್) ಅಂತ ಇನ್ನೊಂದು ದಾರಿಯೂ ಇದೆ, ಅದರ ಪೂಮ್ಸೆ ಬೇರೆ, ಸ್ಪಾರಿಂಗ್ (ಎದುರಾಳಿಯ ಜೊತೆ ಆಡುವುದು) ನಿಯಮ ಬೇರೆ, ಸರ್ಟಿಫಿಕೇಟೂ ಬೇರೆ. ಅದೇನೂ ಕಡಿಮೆಯಲ್ಲ. ಆದರೆ ನೀವು ಯಾವುದಕ್ಕೆ ಸೇರುತ್ತಿದ್ದೀರಿ ಅಂತ ಮೊದಲ ದಿನವೇ ಗೊತ್ತಿರಬೇಕು. ನಮ್ಮ ಮಾಸ್ಟರ್ ತಮ್ಮ ಕುಕ್ಕಿವಾನ್ ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದಾರೆ, ನಂಬರ್ ಬರೆದುಕೊಂಡು ಹೋಗಿ ನೋಡಿ ಅಂತ ಅವರೇ ಹೇಳುತ್ತಾರೆ. ಕೇಳಿದರೆ ಮುಖ ಗಂಟು ಹಾಕುವವರ ಹತ್ತಿರ ಸೇರಬೇಡಿ.

ಸ್ಪಾರಿಂಗ್ ಬಗ್ಗೆ ಅಮ್ಮಂದಿರಿಗೆ ಭಯ ಜಾಸ್ತಿ. ಇಲ್ಲಿ ಹಳದಿ ಬೆಲ್ಟ್ ಬರುವವರೆಗೂ ಮುಟ್ಟಿಸುವುದಿಲ್ಲ. ಆಮೇಲೂ ಎದೆಗಾರ್ಡ್, ಹೆಲ್ಮೆಟ್, ಕೈಕಾಲು ಗಾರ್ಡ್, ಬಾಯಿಗಾರ್ಡ್ ಎಲ್ಲ ಹಾಕಿಕೊಂಡ ಮೇಲೇ ಕಣಕ್ಕೆ ಬಿಡುವುದು. ಮುಖಕ್ಕೆ ಗುದ್ದುವ ಹಾಗಿಲ್ಲ. ಎದೆಗಾರ್ಡ್‌ಗೆ ಸರಿಯಾಗಿ ಬಿದ್ದ ಗುದ್ದಿಗೆ 1 ಪಾಯಿಂಟ್, ಒದೆತಕ್ಕೆ 2, ತಲೆಗೆ ಬಿದ್ದ ಒದೆತಕ್ಕೆ 3, ತಿರುಗಿ ಒದೆದರೆ ಇನ್ನೂ ಜಾಸ್ತಿ. ಹೀಗಿರುವುದರಿಂದಲೇ ಎಲ್ಲರೂ ಕಾಲಿಗೆ ಅಷ್ಟು ಮಹತ್ವ ಕೊಡುತ್ತಾರೆ, ಕೈ ಕೆಳಗಿಳಿಯುತ್ತದೆ. ಆತ್ಮರಕ್ಷಣೆಗೆ ಅಂತಲೇ ಸೇರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ಪರ್ಧೆಯ ಸ್ಪಾರಿಂಗ್ ಒಂದು ಆಟ, ಬೀದಿಯಲ್ಲಿ ಯಾರೋ ಕೈ ಹಿಡಿದೆಳೆದರೆ ಏನು ಮಾಡಬೇಕು ಅನ್ನುವುದು ಬೇರೆ ಪಾಠ. ಆ ಪಾಠವನ್ನು ಇಲ್ಲಿ ಅಪರೂಪಕ್ಕೆ ಮಾಡುತ್ತಾರೆ, ಇನ್ನೂ ಹೆಚ್ಚು ಮಾಡಬೇಕು, ಮುಖ್ಯವಾಗಿ ಹೆಣ್ಣುಮಕ್ಕಳ ಬ್ಯಾಚ್‌ಗೆ. ಆದರೆ ಸ್ಪರ್ಧೆಯ ಕಡೆ ಮನಸ್ಸಿರುವ ಮಕ್ಕಳಿಗೆ ಇಲ್ಲಿ ಒಳ್ಳೆ ತಯಾರಿ ಸಿಗುತ್ತದೆ. ಹರಿಯಾಣದ ಅರುಣಾ ತನ್ವರ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಹೋದ ಕಥೆಯನ್ನು ಮಾಸ್ಟರ್ ಮಕ್ಕಳಿಗೆ ಹೇಳುತ್ತಿರುತ್ತಾರೆ. ಪ್ಯಾರಾಲಿಂಪಿಕ್ಸ್ ಟೇಕ್ವಾಂಡೋದಲ್ಲಿ ಭಾರತದಿಂದ ಆಡಿದವರಲ್ಲಿ ಅವರೇ ಮೊದಲಿಗರು. ನನ್ನ ಮಗಳಿಗೆ ಆ ಹೆಸರು ಬಾಯಿಪಾಠ.

ದೊಡ್ಡವರು ಸೇರಬಹುದಾ ಅಂತ ಕೇಳುವವರಿಗೆ, ಖಂಡಿತ ಸೇರಿ. ಸೊಂಟ ಬಿಗಿ ಇರುತ್ತದೆ, ತೊಡೆಯ ಹಿಂದಿನ ನರ ಎಳೆಯುತ್ತದೆ, ಆರಂಭದಲ್ಲಿ ಮೆಟ್ಟಿಲು ಇಳಿಯುವುದೂ ಕಷ್ಟ. ಆದರೆ ಮಾಸ್ಟರ್ ನಮಗೆ ಬೇರೆ ಎತ್ತರದ ಗುರಿ ಕೊಡುತ್ತಾರೆ. ಸೊಂಟದ ಮಟ್ಟಕ್ಕೆ ಶುದ್ಧವಾಗಿ ಒದೆಯಿರಿ ಸಾಕು, ತಲೆಯ ಮಟ್ಟಕ್ಕೆ ವಕ್ರವಾಗಿ ಬೇಡ ಅನ್ನುತ್ತಾರೆ. ಮೈ ಬಿಸಿಯಾಗುವ ಮುಂಚೆ ಕಾಲು ಅಗಲಿಸಲು ಬಿಡುವುದಿಲ್ಲ, ಯಾರೂ ಮೇಲೆ ಕೂತು ಕಾಲು ಒತ್ತುವುದೂ ಇಲ್ಲ.

ಕೊರತೆಗಳೂ ಇವೆ. ಶನಿವಾರದ ಬ್ಯಾಚ್ ತುಂಬಿ ತುಳುಕುತ್ತದೆ, ಹಿಂದಿನ ಸಾಲಿನ ಮಕ್ಕಳನ್ನು ಸೀನಿಯರ್‌ಗಳೇ ನೋಡಿಕೊಳ್ಳುತ್ತಾರೆ, ಅವರಲ್ಲಿ ಕೆಲವರಿಗೆ ತಾಳ್ಮೆ ಕಡಿಮೆ. ಮ್ಯಾಟ್ ಹಳೆಯದು, ಜೋಡಣೆಯಲ್ಲಿ ಸಂದಿ ಬಿಟ್ಟಿದೆ, ಬರಿಗಾಲಿನ ಬೆರಳು ಸಿಕ್ಕಿಕೊಳ್ಳುತ್ತದೆ. ಇದನ್ನು ಹೇಳಿ ತುಂಬಾ ದಿನ ಆಯಿತು, ಇನ್ನೂ ಸರಿಮಾಡಿಲ್ಲ, ಇದು ಸರಿಯಲ್ಲ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸಲು ಇರುವುದು ಒಂದು ಚಿಕ್ಕ ಸ್ಟೋರ್ ರೂಮ್. ಖರ್ಚಿನ ವಿಷಯದಲ್ಲಿ, ತಿಂಗಳ ಫೀಸ್ ಒಂದೇ ಅಂದುಕೊಂಡು ಬರಬೇಡಿ. ಡೊಬಾಕ್ (ಟೇಕ್ವಾಂಡೋ ಸಮವಸ್ತ್ರ), ಗಾರ್ಡ್‌ಗಳು, ಪ್ರತಿ ಬೆಲ್ಟ್ ಟೆಸ್ಟ್, ಟೂರ್ನಮೆಂಟ್ ಎಂಟ್ರಿ ಎಲ್ಲ ಬೇರೆ, ಕಪ್ಪು ಬೆಲ್ಟ್‌ನ ಖರ್ಚು ಇನ್ನೂ ದೊಡ್ಡದು. ಕೇಳಿದರೆ ಎಲ್ಲ ಹೇಳುತ್ತಾರೆ, ಆದರೆ ಕೇಳದೆಯೇ ಮೊದಲ ದಿನ ಒಂದು ಹಾಳೆಯಲ್ಲಿ ಬರೆದು ಕೊಡಬೇಕಿತ್ತು. ಗಾರ್ಡ್‌ಗಳನ್ನು ಸೇರಿದ ತಿಂಗಳೇ ಕೊಳ್ಳಬೇಡಿ, ಮಕ್ಕಳು ಬೇಗ ಬೆಳೆಯುತ್ತಾರೆ, ಕ್ಲಾಸಿನಲ್ಲೇ ಹಳೆಯವು ಇರುತ್ತವೆ.

ಸೇರುವ ಮುಂಚೆ ಕೂತು ನೋಡಲು ಬಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಶನಿವಾರ ಬೇಡ, ಬುಧವಾರ ಸಂಜೆ ಹೋಗಿ, ಆಗ ಮಾಸ್ಟರ್‌ಗೆ ಮಾತಾಡಲೂ ಪುರುಸೊತ್ತಿರುತ್ತದೆ. ಸಾಧ್ಯವಾದರೆ ಬೆಲ್ಟ್ ಟೆಸ್ಟ್ ನಡೆಯುವ ಭಾನುವಾರ ಯಾವುದು ಅಂತ ಕೇಳಿಕೊಂಡು ಮಗುವನ್ನೂ ಕರೆದುಕೊಂಡು ಹೋಗಿ. ಪಾಸಾದವರನ್ನು ಬಿಡಿ, ಪಾಸಾಗದ ಮಗುವಿನ ಜೊತೆ ಇವರು ಹೇಗೆ ಮಾತಾಡುತ್ತಾರೆ ಅಂತ ನೋಡಿಕೊಂಡು ಆಮೇಲೆ ಫಾರ್ಮ್ ತುಂಬಿ.