ಸಣ್ಣ ದೋಣಿಗೆ ಎಂಜಿನ್ ಕೊಳ್ಳುವ ಮೊದಲು ಹಿಂಬದಿಯ ಹಲಗೆ ಅಳೆಯಿರಿ

ಹೊಳೆಯಲ್ಲಿ, ಹಿನ್ನೀರಿನಲ್ಲಿ ಓಡಿಸುವ ಚಿಕ್ಕ ಫೈಬರ್ ದೋಣಿಗೆ ಔಟ್‌ಬೋರ್ಡ್ ಎಂಜಿನ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತಪ್ಪು ಎಂಜಿನ್ನನ್ನು ಸರಿಯಾದದ್ದು ಎಂದು ನಂಬಿಸಿ ಮಾರಿದ್ದರಿಂದ ನಮ್ಮ ಚಿಕ್ಕಪ್ಪ ಮತ್ತು ಅವರ ಮಗ ಹೊಳೆ ಸಮುದ್ರ ಸೇರುವ ಗಂಗೊಳ್ಳಿ ಅಳಿವೆಯ ಕಡೆಗೆ ತೇಲಿಹೋಗಿದ್ದರು. ಇಬ್ಬರೂ ಉಳಿದಿದ್ದಾರೆ. ಆದರೆ ಅದೇ ಬಗೆಯ ಮಾತು, ಅದೇ ಬಗೆಯ ಮಾಲು ಇನ್ನೂ ಮಾರಾಟದಲ್ಲಿದೆ.

ಚಿಕ್ಕಪ್ಪನ ಮನೆ ಇರುವುದು ಪಂಚಗಂಗಾವಳಿಯ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುವಿನ ದ್ವೀಪದಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಡಕ ಎಂಬ ಐದೂ ಹೊಳೆಗಳು ಅಲ್ಲಿ ಸೇರಿ ಸಮುದ್ರಕ್ಕೆ ಹೋಗುತ್ತವೆ. ಅಕ್ಕಿ, ಹಿಂಡಿ, ಗ್ಯಾಸ್ ಸಿಲಿಂಡರ್ ಎಲ್ಲವೂ ದೋಣಿಯಲ್ಲೇ ಬರಬೇಕು. ಅವರದು ಉರುಟು ತಳದ, ಹದಿಮೂರು ಅಡಿಯ ದೋಣಿ. ಹುಟ್ಟು ಹಾಕಿ ಹಾಕಿ ಭುಜ ಸೋತಿದ್ದರಿಂದ ಒಂದು ಎಂಜಿನ್ ಬೇಕೆಂದು ಕರಾವಳಿಯ ಒಂದು ಪಟ್ಟಣದಲ್ಲಿ ಹಳೆಯ ಎಂಜಿನ್ ಮಾರುವವರ ಬಳಿಗೆ ಹೋದರು. ಜೊತೆಯಲ್ಲಿ ನಾನೂ ಇದ್ದೆ.

ಚಿಕ್ಕಪ್ಪ ಕೇಳಿದ್ದು ಐದು ಅಶ್ವಶಕ್ತಿಯದು. ಅವರು ತೋರಿಸಿದ್ದು ಹದಿನೈದರದು. ‘ಐದು ಎಚ್‌ಪಿ ಯಾವ ಮೂಲೆಗೆ ಸಾಲುತ್ತದೆ ಮಾರಾಯರೇ? ಹೊಳೆ ಸೆಳೆತಕ್ಕೆ ಶಕ್ತಿ ಬೇಕು’ ಎಂದರು. ಕೇಳುವುದಕ್ಕೆ ಸರಿ ಎನಿಸುವ ಮಾತು. ಆದರೆ ಉರುಟು ತಳದ, ಭಾರ ಹೊತ್ತ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ನೀರಿನ ಮೇಲೆ ಎದ್ದು ಜಾರುವುದಿಲ್ಲ. ಅಂಥ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ ಹನ್ನೆರಡು ಅಡಿಯಾದರೆ ಗಂಟೆಗೆ ಸುಮಾರು ಎಂಟೂವರೆ ಕಿಲೋಮೀಟರ್. ಅಲ್ಲಿಗೆ ಮುಟ್ಟಲು ನಾಲ್ಕೈದು ಅಶ್ವಶಕ್ತಿ ಧಾರಾಳ. ಅದರಿಂದಾಚೆಗಿನ ಶಕ್ತಿಯೆಲ್ಲ ದೋಣಿಯ ಹಿಂಬದಿಯನ್ನು ಕೆಳಗೆ ಕೂರಿಸಿ, ಮೂತಿ ಎತ್ತಿ, ಎಣ್ಣೆ ಕುಡಿಯುವುದಕ್ಕೆ ಹೋಗುತ್ತದೆ. ತೂಕವೂ ಸಣ್ಣದಲ್ಲ. ಐದು ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಎಂಜಿನ್ 25 ಕಿಲೋ ಆಸುಪಾಸಿನಲ್ಲಿದ್ದರೆ, ಹದಿನೈದರದು ಟೂಸ್ಟ್ರೋಕ್ ಆದರೂ 36 ಕಿಲೋ ಹತ್ತಿರ ಬರುತ್ತದೆ, ಫೋರ್‌ಸ್ಟ್ರೋಕ್ ಆದರೆ ಐವತ್ತರ ಹತ್ತಿರ. ಹಿಡಿ ಹಿಡಿದು ನಡೆಸುವವನೂ ಅದರ ಪಕ್ಕದಲ್ಲೇ ಕೂರಬೇಕು. ಮೀನುಗಾರಿಕೆಗೆ ಕೊಳ್ಳುವವರಿಗೆ ಇನ್ನೊಂದು ಮಾತು: ನಮ್ಮ ರಾಜ್ಯದಲ್ಲಿ ಜೂನ್, ಜುಲೈ ತಿಂಗಳ ನಿಷೇಧದ ಅವಧಿಯಲ್ಲಿ ವಿನಾಯಿತಿ ಇರುವುದು ಹತ್ತು ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ. ಇದನ್ನು ಮಾರುವವರು ತಾವಾಗಿ ಹೇಳುವುದಿಲ್ಲ.

ಆದರೂ ಅಶ್ವಶಕ್ತಿ ಎರಡನೆಯ ವಿಷಯ. ನಮ್ಮವರನ್ನು ಅಪಾಯಕ್ಕೆ ನೂಕಿದ್ದು ಶಾಫ್ಟ್, ಅಂದರೆ ಎಂಜಿನ್ನಿನಿಂದ ನೀರಿನೊಳಗಿನ ಫ್ಯಾನಿನವರೆಗೆ ಇಳಿಯುವ ಕಾಲಿನ ಉದ್ದ.

ಔಟ್‌ಬೋರ್ಡ್ ಎಂಜಿನ್‌ಗಳು ಸಾಮಾನ್ಯವಾಗಿ 15 ಇಂಚು ಮತ್ತು 20 ಇಂಚು ಎಂಬ ಎರಡು ಅಳತೆಯ ಹಲಗೆಗಳಿಗೆ ಹೊಂದುವಂತೆ ಬರುತ್ತವೆ. ದೊಡ್ಡ ದೋಣಿಗಳಿಗೆ 25 ಇಂಚಿನದೂ ಇದೆ. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯ ಎತ್ತರವನ್ನು ಮೇಲಂಚಿನಿಂದ ತಳದವರೆಗೆ ಅಳೆಯಬೇಕು. ಎಂಜಿನ್ನಿನಲ್ಲಿ ಕ್ಲಾಂಪ್ ಕೂರುವ ಜಾಗದಿಂದ, ಫ್ಯಾನಿನ (ಪ್ರೊಪೆಲ್ಲರ್) ಮೇಲ್ಗಡೆ ಇರುವ ಅಗಲವಾದ ತಟ್ಟೆಯವರೆಗೆ ಅಳೆಯಬೇಕು. ಎರಡೂ ಹೊಂದಬೇಕು. ಎಂಜಿನ್ ಕೂರಿಸಿದಾಗ ಆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ಶಾಫ್ಟ್ ತೀರಾ ಉದ್ದವಾದರೆ ಎಳೆತ ಜಾಸ್ತಿ, ಇಳಿತದ ಹೊತ್ತಿನಲ್ಲಿ ಫ್ಯಾನ್ ಮರಳಿಗೆ ತಾಗುತ್ತದೆ. ಗಿಡ್ಡವಾದರೆ ಅಲೆ ಬಂದಾಗಲೆಲ್ಲ ಫ್ಯಾನ್ ಗಾಳಿ ಎಳೆದುಕೊಂಡು ಸುಮ್ಮನೆ ಗಿರಗಿರ ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಎಂಜಿನ್ ತಂಪಾಗಿಸಲು ನೀರು ಹೀರುವ ರಂಧ್ರಗಳೂ ಅಲ್ಲೇ ಇರುವುದರಿಂದ ನೀರಿನ ಬದಲು ಗಾಳಿ ಒಳಗೆ ಹೋಗುತ್ತದೆ.

ಚಿಕ್ಕಪ್ಪನ ದೋಣಿಯ ಹಲಗೆ ಇಪ್ಪತ್ತು ಇಂಚು. ಎಂಜಿನ್ನಿನ ಶಾಫ್ಟ್ ಹದಿನೈದು ಇಂಚಿನದು. ಚಿಕ್ಕಪ್ಪ ಇದನ್ನು ಕೇಳಿದರು. ‘ಅದೇನು ದೊಡ್ಡ ವಿಷಯವಲ್ಲ, ಎಲ್ಲರಿಗೂ ಹೀಗೆಯೇ ಕೂರಿಸಿ ಕೊಟ್ಟಿದ್ದೇವೆ’ ಎಂದು ಹೇಳಿ, ಅವರ ಕೆಲಸದವನೇ ಬಂದು ಹಲಗೆಯ ನಡುವೆ ಮೂರು ಇಂಚು ಕತ್ತರಿಸಿ ಎಂಜಿನ್ ಕೂರಿಸಿಹೋದ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ಹಿಂದಿನಿಂದ ಬರುವ ಅಲೆಯನ್ನು ತಡೆಯುವುದೇ ಆ ಹಲಗೆ. ಅದನ್ನು ತಗ್ಗಿಸಿದರೆ ನೀರು ನೇರ ದೋಣಿಯೊಳಕ್ಕೆ. ಸಾಲದ್ದಕ್ಕೆ, ಫೈಬರ್ ದೋಣಿಯ ಹಲಗೆಯೊಳಗೆ ಪ್ಲೈವುಡ್ ಇರುತ್ತದೆ. ಕತ್ತರಿಸಿದ ಅಂಚಿಗೆ ರಾಳ ಹಚ್ಚದೆ ಬಿಟ್ಟರೆ ನೀರು ಕುಡಿದು ಒಳಗಿನಿಂದಲೇ ಕೊಳೆಯುತ್ತದೆ. ಹಚ್ಚಿರಲಿಲ್ಲ.

ಸೀಮೆಎಣ್ಣೆಯ ಸುಳ್ಳನ್ನೂ ಹೇಳಬೇಕು. ‘ಇದು ಸೀಮೆಎಣ್ಣೆಯಲ್ಲೂ ಓಡುತ್ತದೆ’ ಎಂದಿದ್ದರು. ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ನೇ ಬೇರೆ. ಅದರ ಸಿಲಿಂಡರಿನ ಒತ್ತಡ ಕಡಿಮೆ, ಪೆಟ್ರೋಲಿನಲ್ಲಿ ಶುರುಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಹಾಕಿದರೆ ಒಳಗೆ ಬಡಿತ ಶುರುವಾಗಿ ಪಿಸ್ಟನ್ ಹಾಳಾಗುತ್ತದೆ. ಪುಣ್ಯಕ್ಕೆ ಚಿಕ್ಕಪ್ಪ ಹಾಕಿರಲಿಲ್ಲ.

ತಿಳಿನೀರಿನಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು. ಒಂದು ಸಂಜೆ ಪಡುಗಾಳಿ ಜೋರಾಗಿತ್ತು. ಹೊಳೆಯ ಇಳಿತ ಸಮುದ್ರದ ಕಡೆಗೆ, ಗಾಳಿ ಅದಕ್ಕೆ ಎದುರು. ಹೀಗೆ ಎರಡೂ ಎದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಹಿಂಬದಿ ಎದ್ದಾಗಲೆಲ್ಲ ಎಂಜಿನ್ ಕಿರುಚಿ ತಿರುಗಿತು, ದೋಣಿ ಇದ್ದಲ್ಲೇ ಇತ್ತು. ತಂಪು ಮಾಡಿ ಹೊರಬರುವ ನೀರಿನ ಸಣ್ಣ ಧಾರೆ ಮೊದಲು ತುಂಡುತುಂಡಾಗಿ, ಆಮೇಲೆ ಪೂರ್ತಿ ನಿಂತಿತು. ಚಿಕ್ಕಪ್ಪನ ಮಗ ಆರಿಸಲು ಕೈ ಚಾಚುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಂಡು ಎಂಜಿನ್ ನಿಂತೇಹೋಯಿತು. ಕತ್ತರಿಸಿದ ಕಿಂಡಿಯಿಂದ ನೀರು ಒಳಗೆ ಬರುತ್ತಿತ್ತು. ಒಬ್ಬರು ನೀರು ಚೆಲ್ಲುತ್ತ, ಒಬ್ಬರು ಹುಟ್ಟು ಹಾಕುತ್ತ ಇದ್ದರೂ ಸೆಳೆತ ಅವರನ್ನು ಅಳಿವೆಯತ್ತಲೇ ಒಯ್ಯುತ್ತಿತ್ತು. ಲಂಗರು ಮರಳಿನಲ್ಲಿ ಕಚ್ಚಲಿಲ್ಲ. ಬಲೆ ಎಳೆದು ಬರುತ್ತಿದ್ದ ನಾಡದೋಣಿಯವರು ನೋಡಿ ಹಗ್ಗ ಎಸೆಯದೆ ಇದ್ದಿದ್ದರೆ ನಾನು ಇದನ್ನು ಬರೆಯುವ ರೀತಿಯೇ ಬೇರೆ ಇರುತ್ತಿತ್ತು. ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಬೇರೆ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಹೊಸ ಬಣ್ಣದ ಕೆಳಗಿದ್ದದ್ದು ಹೊರಬಿತ್ತು. ನೀರೆತ್ತುವ ರಬ್ಬರ್ ಇಂಪೆಲ್ಲರಿನ ಎಸಳುಗಳು ಬಾಗಿ ಬಿರುಸಾಗಿದ್ದವು. ಸಿಲಿಂಡರ್ ಸುತ್ತಲಿನ ನೀರಿನ ದಾರಿಗಳಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಎಂಜಿನ್ ಸಂಖ್ಯೆಯ ಫಲಕವನ್ನು ಕಿತ್ತಿದ್ದರು. ಅಂಗಡಿಯವರು ಡ್ರಮ್ಮಿನ ನೀರಿನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಡ್ರಮ್ಮಿನಲ್ಲಿ ಭಾರವಿಲ್ಲ, ಅಲೆಯಿಲ್ಲ, ಕೆಲವೇ ನಿಮಿಷದ ಓಟ. ಆ ಪರೀಕ್ಷೆಯನ್ನು ನಂಬಬೇಡಿ. ನಿಮ್ಮ ದೋಣಿಗೇ ಕಟ್ಟಿ, ನಿಮ್ಮ ಹೊಳೆಯಲ್ಲೇ, ಜನ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ. ನೀರಿನ ಧಾರೆ ಒಮ್ಮೆಯೂ ಕಡಿಯಬಾರದು. ಸ್ಪಾರ್ಕ್ ಪ್ಲಗ್ ತೆಗೆಸಿ ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಅಳೆಸಿ. ಆ ಮಾದರಿಯ ಇಂಪೆಲ್ಲರ್ ಮತ್ತು ಫ್ಯಾನಿನ ಪಿನ್ ನಿಮ್ಮೂರಿನ ಹತ್ತಿರ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಹಣ ಹಿಂದಕ್ಕೆ ಕೇಳಿದರೆ ‘ನೀವು ಉಪ್ಪುನೀರಿನಲ್ಲಿ ಓಡಿಸಿದಿರಿ’ ಎಂದರು. ಅಳಿವೆಯ ಬಾಯಲ್ಲಿ ಮನೆಯಿರುವವರು ಇನ್ನೆಲ್ಲಿ ಓಡಿಸಬೇಕು? ಅವರು ಕೊಟ್ಟ ಚೀಟಿಯಲ್ಲಿ ‘ದೋಣಿ ಎಂಜಿನ್ 1’ ಎಂದಷ್ಟೇ ಇದೆ. ಅಂಗಡಿಯ ಮುದ್ರೆಯಿಲ್ಲ, ಎಂಜಿನ್ ಸಂಖ್ಯೆಯಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಹಿಡಿದು ತೋರಿಸಲು ಇರುವುದು ಅದೊಂದೇ. ನೀವು ಕೊಳ್ಳುವಾಗ ಎಂಜಿನ್ ಸಂಖ್ಯೆ, ಶಾಫ್ಟ್ ಅಳತೆ, ಅಶ್ವಶಕ್ತಿ ಮೂರೂ ಬರೆದ ಬಿಲ್ ಇಲ್ಲದೆ ಹಣ ಕೊಡಬೇಡಿ.

ಕೊನೆಗೆ ಕೊಟ್ಟದ್ದರ ಕಾಲುಭಾಗ ಹಣಕ್ಕೆ ಆ ಎಂಜಿನ್ನನ್ನು ಅವರೇ ವಾಪಸು ಇಟ್ಟುಕೊಂಡರು. ಅದಕ್ಕೆ ಮತ್ತೆ ಬಣ್ಣ ಬೀಳುತ್ತದೆ, ಅದು ಮತ್ತೆ ಯಾರ ದೋಣಿಗೋ ಹೋಗುತ್ತದೆ. ಹದಿನೈದು ಅಶ್ವಶಕ್ತಿ, ಗಿಡ್ಡ ಶಾಫ್ಟ್, ಹೊಳೆಯುವ ಹೊಸ ಬಣ್ಣ, ಕ್ಲಾಂಪಿನ ಪಕ್ಕದಲ್ಲಿ ಸಂಖ್ಯೆಯ ಫಲಕ ಇರಬೇಕಾದ ಕಡೆ ಬರಿಯ ಎರಡು ತೂತು: ಇಂಥದ್ದು ಎದುರಿಗೆ ಬಂದರೆ ಬೆಲೆ ಕೇಳುವುದಕ್ಕೂ ನಿಲ್ಲಬೇಡಿ.